ವಸಿಯ್ಯತ್: ಪರದೇಶದಲ್ಲಿ ದುಡಿಯುವವರು ಮರೆತ ಹೊಣೆ

ಗಲ್ಫ್‌ನಿಂದ ರಜೆಯ ಮೇಲೆ ಊರಿಗೆ ಬರುವ ಸಹೋದರರ ಪೆಟ್ಟಿಗೆಯಲ್ಲಿ ಮನೆಮಂದಿಗೆಲ್ಲ ಏನಾದರೊಂದು ಇರುತ್ತದೆ. ತಾಯಿಗೆ ಜಾನಮಾಜ್, ಮಕ್ಕಳಿಗೆ ಆಟಿಕೆ, ನೆರೆಹೊರೆಯವರಿಗೆ ಖರ್ಜೂರ. ಆದರೆ ತಾನು ಹಠಾತ್ತನೆ ತೀರಿಕೊಂಡರೆ ತನ್ನದೆಂಬುದು ಏನಿದೆ, ಎಲ್ಲಿದೆ, ಯಾರಿಗೆ ಏನು ಕೊಡಬೇಕಾಗಿದೆ ಎಂಬುದನ್ನು ತಿಳಿಸುವ ಒಂದು ಕಾಗದ ಮಾತ್ರ ಹೆಚ್ಚಿನವರ ಬಳಿ ಇರುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಖಾನಾಪುರ ತಾಲೂಕಿನ ಒಬ್ಬ ವ್ಯಕ್ತಿ ಇಪ್ಪತ್ತು ವರ್ಷ ದಮ್ಮಾಮ್‌ನಲ್ಲಿ ದುಡಿದನೆಂದು ಭಾವಿಸಿ. ಬೆಳಗಾವಿಯಲ್ಲಿ ತನ್ನ ಹೆಸರಿನಲ್ಲಿ ಒಂದು ಪ್ಲಾಟ್ ಖರೀದಿಸಿದ. ಖಾನಾಪುರದಲ್ಲಿ ತಂದೆಯ ಜಾಗದಲ್ಲಿ ಸ್ವಂತ ಹಣದಿಂದ ಮನೆ ಕಟ್ಟಿಸಿದ. ವ್ಯವಹಾರ ನೋಡಿಕೊಳ್ಳಲು ತಮ್ಮನಿಗೆ ಮುಖ್ತ್ಯಾರ ಪತ್ರ ಬರೆದುಕೊಟ್ಟ. ಬ್ಯಾಂಕ್ ಠೇವಣಿಗೂ ತಮ್ಮನನ್ನೇ ನಾಮಿನಿ ಮಾಡಿದ. ಗೆಳೆಯನೊಬ್ಬನಿಗೆ ಕೈಗಡ ಕೊಟ್ಟ. ಪತ್ನಿಯ ಮಹ್ರ್ ಇನ್ನೂ ಬಾಕಿಯಿತ್ತು. ತಂದೆ ತಾಯಿ ಮೊದಲೇ ತೀರಿಹೋಗಿದ್ದರು. ಒಂದು ದಿನ ಅವನೂ ತೀರಿಕೊಂಡ. ಉಳಿದವರು ಪತ್ನಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಆ ತಮ್ಮ.

ಈಗ ಎಲ್ಲರೂ ತಮಗೆ ತಿಳಿದಷ್ಟನ್ನೇ ಕಾನೂನು ಎಂದುಕೊಳ್ಳುತ್ತಾರೆ. ತಮ್ಮನು ಮುಖ್ತ್ಯಾರ ಪತ್ರವನ್ನು ತೋರಿಸುತ್ತಾನೆ. ಆದರೆ ಬರೆದುಕೊಟ್ಟವನ ಮರಣದೊಂದಿಗೆ ಆ ಅಧಿಕಾರವೂ ಮುಗಿಯುತ್ತದೆಂದು 1872 ರ ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. ಠೇವಣಿ ನನ್ನದೆನ್ನುತ್ತಾನೆ. ಆದರೆ ನಾಮಿನಿಯು ಹಣವನ್ನು ಸ್ವೀಕರಿಸಿ ವಾರಸುದಾರರಿಗೆ ತಲುಪಿಸಬೇಕಾದವನೇ ಹೊರತು ಒಡೆಯನಲ್ಲ. ಜೀವವಿಮೆಯ ವಿಷಯದಲ್ಲಿ 1984 ರಲ್ಲಿ, ಕಂಪೆನಿ ಷೇರುಗಳ ವಿಷಯದಲ್ಲಿ 2023 ರಲ್ಲಿ ಸುಪ್ರೀಮ್ ಕೋರ್ಟ್ ಇದನ್ನೇ ಹೇಳಿದೆ. ಅತ್ತ ಪತ್ನಿಯ ತವರಿನವರು, ಎಲ್ಲವೂ ಹೆಂಡತಿ ಮಕ್ಕಳದ್ದೇ ಎಂದು ವಾದಿಸುತ್ತಾರೆ. ಅದೂ ಸರಿಯಲ್ಲ. ಸಾಲ ಮತ್ತು ಮಹ್ರ್ ತೀರಿಸಿದ ಬಳಿಕ ಉಳಿದುದನ್ನು 24 ಪಾಲು ಮಾಡಿದರೆ ಪತ್ನಿಗೆ 3, ಇಬ್ಬರು ಹೆಣ್ಣುಮಕ್ಕಳಿಗೆ ಒಟ್ಟು 16, ತಮ್ಮನಿಗೆ 5 ಎಂಬುದು ಶರೀಅತ್‌ನ ಲೆಕ್ಕ.

ಪಾಲು ಇಷ್ಟು ಸ್ಪಷ್ಟವಾಗಿರುವಾಗ ವಸಿಯ್ಯತ್‌ನ ಅಗತ್ಯವೇನು ಎಂದು ಕೇಳುವವರಿದ್ದಾರೆ. ಯಾರಿಗೆ ಎಷ್ಟು ಎಂಬುದನ್ನು ಅಲ್ಲಾಹನು ನಿರ್ಧರಿಸಿದ್ದಾನೆ, ನಿಜ. ಆದರೆ ಪಾಲು ಮಾಡಬೇಕಾದ ಸೊತ್ತು ಯಾವುದು ಎಂಬುದನ್ನು ಸತ್ತವನಲ್ಲದೆ ಇನ್ನಾರು ಹೇಳಬೇಕು? ತಂದೆಯ ಜಾಗದಲ್ಲಿ ಎದ್ದ ಮನೆಗೆ ಯಾರ ಹಣ ಬಿತ್ತು, ಗೆಳೆಯನಿಗೆ ಕೊಟ್ಟದ್ದು ಎಷ್ಟು, ಮಹ್ರ್ ಸಂದಾಯವಾಯಿತೇ ಎಂಬುದಕ್ಕೆ ಬರಹವಿಲ್ಲದಿದ್ದರೆ ಪಾಲಿನ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ. ಅದರ ಬೆಲೆಯನ್ನು ತೆರುವವಳು ಖಾನಾಪುರದಿಂದ ಬೆಳಗಾವಿಗೆ, ಕಚೇರಿಯಿಂದ ಕೋರ್ಟಿಗೆ ಅಲೆಯುವ ವಿಧವೆ.

ಪವಿತ್ರ ಕುರ್‌ಆನ್ ವಾರಸು ಹಕ್ಕಿನ ಪಾಲುಗಳನ್ನು ವಿವರಿಸುವ ಅನ್ನಿಸಾ ಅಧ್ಯಾಯದ 11 ಮತ್ತು 12 ನೇ ವಚನಗಳಲ್ಲಿ, ವಸಿಯ್ಯತ್ ಮತ್ತು ಸಾಲವನ್ನು ಪೂರೈಸಿದ ಬಳಿಕವೇ ಹಂಚಿಕೆ ಎಂದು ನಾಲ್ಕು ಬಾರಿ ನೆನಪಿಸುತ್ತದೆ. ಕುರ್‌ಆನಿನ ಅತಿ ದೀರ್ಘ ವಚನವು ಸಾಲವನ್ನು ಬರೆದಿಡಿರೆಂಬ ಆದೇಶಕ್ಕೆ ಸಂಬಂಧಿಸಿದ್ದು. ವಸಿಯ್ಯತ್ ಮಾಡಬೇಕಾದ ಸೊತ್ತುಳ್ಳ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿಗಳನ್ನೂ ಕಳೆಯಬಾರದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ನಾವು ಇಪ್ಪತ್ತು ವರ್ಷ ಕಳೆಯುತ್ತೇವೆ!

ವಸಿಯ್ಯತ್ ಮಾಡುವವರಲ್ಲೂ ಒಂದು ರೋಗವಿದೆ. ಹೆಣ್ಣುಮಕ್ಕಳ ಪಾಲನ್ನು ತಪ್ಪಿಸಿ ಎಲ್ಲವನ್ನೂ ಗಂಡುಮಕ್ಕಳಿಗೆ ಬರೆಯುವುದು. ಇತರ ವಾರಸುದಾರರ ಒಪ್ಪಿಗೆಯಿಲ್ಲದೆ ಒಬ್ಬ ವಾರಸುದಾರನ ಪರ ಮಾಡಿದ ವಸಿಯ್ಯತ್ ಸಿಂಧುವಲ್ಲ. ವಾರಸುದಾರರಲ್ಲದವರಿಗೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ರೋಗಶಯ್ಯೆಯಲ್ಲಿದ್ದಾಗ ಸೊತ್ತಿನ ಬಹುಪಾಲನ್ನು ದಾನ ಮಾಡಬಯಸಿದರು. ಪ್ರವಾದಿ(ಸ) ಅದನ್ನು ಮೂರನೇ ಒಂದಕ್ಕೆ ಇಳಿಸಿ, ಅದೂ ಧಾರಾಳವೇ ಎಂದರು. ಆಗ ಅವರಿಗೆ ವಾರಸುದಾರಳಾಗಿ ಇದ್ದದ್ದು ಒಬ್ಬ ಮಗಳು ಎಂಬುದನ್ನು ಹೆಣ್ಣುಮಕ್ಕಳ ತಂದೆಯಂದಿರು ಗಮನಿಸಬೇಕು.

ಆ ಮೂರನೇ ಒಂದು ಭಾಗಕ್ಕೆ ನಿಜವಾದ ಹಕ್ಕುದಾರರು ನಮ್ಮ ಮನೆಗಳಲ್ಲೇ ಇದ್ದಾರೆ. ಅಜ್ಜನಿಗಿಂತ ಮೊದಲೇ ತಂದೆಯನ್ನು ಕಳೆದುಕೊಂಡ ಮೊಮ್ಮಕ್ಕಳಿಗೆ, ಚಿಕ್ಕಪ್ಪ ದೊಡ್ಡಪ್ಪಂದಿರು ಜೀವಂತವಿದ್ದಾಗ, ಅಜ್ಜನ ಸೊತ್ತಿನಲ್ಲಿ ವಾರಸು ಪಾಲು ಬರುವುದಿಲ್ಲ. ಈ ಅನಾಥರಿಗಾಗಿಯೇ ಈಜಿಪ್ಟ್ 1946 ರಲ್ಲಿ ಕಡ್ಡಾಯ ವಸಿಯ್ಯತ್‌ನ ಕಾನೂನನ್ನು ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಅಜ್ಜನ ಲೇಖನಿಯನ್ನು ತಡೆಯುವ ಕಾನೂನೂ ಇಲ್ಲ.

ಇದೇನು ದೊಡ್ಡ ಕೆಲಸವಲ್ಲ. ಮುಸ್ಲಿಮರ ವಸಿಯ್ಯತ್‌ಗೆ ನಮ್ಮ ದೇಶದ ಕಾನೂನು ನಿರ್ದಿಷ್ಟ ನಮೂನೆಯನ್ನು ವಿಧಿಸಿಲ್ಲ. ಬಾಯಿಮಾತಿನದ್ದೂ ಸಿಂಧುವೇ. ಆದರೆ ಬಾಯಿಮಾತನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಆದರೆ ರಜೆಗೆ ಬಂದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ವಿವಾದಕ್ಕೆ ಆಸ್ಪದ ಕಡಿಮೆ. ಜೊತೆಗೆ ಒಂದು ಪಟ್ಟಿ ಇರಲಿ: ಪ್ಲಾಟಿನ ಖರೀದಿ ಪತ್ರ, ಹೊಲದ ಉತಾರ, ಬ್ಯಾಂಕ್ ಖಾತೆಗಳು, ಅಲ್ಲಿನ ಕಂಪೆನಿಯಿಂದ ಬರಬೇಕಾದ ಹಣ, ಕೊಡಬೇಕಾದ ಸಾಲ, ಬಾಕಿ ಮಹ್ರ್, ತನ್ನ ಬಳಿಯಿರುವ ಇತರರ ಅಮಾನತ್ತು. ಅದರ ಒಂದು ಪ್ರತಿ ಪತ್ನಿಯ ಕೈಯಲ್ಲಿರಲಿ. ತಂದೆಯ ಕಾಲದ ಆಸ್ತಿಯ ವಾರಸಾ ಇನ್ನೂ ಆಗಿರದಿದ್ದರೆ ಅಕ್ಕತಂಗಿಯರನ್ನೂ ಸೇರಿಸಿ ಮೊದಲು ಅದನ್ನು ಮಾಡಿಸಿ.

ನಮ್ಮ ಜಮಾಅತ್‌ಗಳೂ ಇಲ್ಲಿ ಹೊಣೆ ಹೊರಬೇಕು. ತಿಂಗಳಿಗೊಂದು ಜುಮಾದ ಬಳಿಕ ಒಬ್ಬ ಆಲಿಮ್ ಮತ್ತು ಒಬ್ಬ ವಕೀಲರನ್ನು ಮಸೀದಿಯಲ್ಲಿ ಕೂರಿಸಿದರೆ ಎಷ್ಟೋ ಮನೆಗಳ ಜಗಳ ಹುಟ್ಟುವ ಮೊದಲೇ ತೀರುತ್ತದೆ. ನಿಕಾಹ್‌ಗೆ ರಿಜಿಸ್ಟರ್ ಇಡುವ ಜಮಾಅತ್‌ಗೆ ವಸಿಯ್ಯತ್‌ನ ಮಾದರಿ ಪತ್ರವೊಂದನ್ನು ಇಡುವುದು ಅಸಾಧ್ಯವೇ?

ವಸಿಯ್ಯತ್ ಬರೆದರೆ ಸಾವು ಬೇಗ ಬರುತ್ತದೆಂಬ ಅಳುಕು ಈಮಾನ್‌ಗೆ ತಕ್ಕುದಲ್ಲ. ಸಾವಿನ ಸಮಯ ನಿಶ್ಚಿತವಾಗಿದೆ. ಪರದೇಶದಲ್ಲಿ ಬೆವರು ಸುರಿಸಿ ಗಳಿಸಿದ್ದು ಮಕ್ಕಳಿಗೆ ಅನ್ನವಾಗಬೇಕೇ ಅಥವಾ ಕೋರ್ಟಿನ ಕಡತವಾಗಬೇಕೇ ಎಂಬುದನ್ನು ಮುಂದಿನ ರಜೆಗೆ ಬರುವ ಪ್ರತಿಯೊಬ್ಬ ಸಹೋದರನೂ ತೀರ್ಮಾನಿಸಲಿ.