ಬಾಯಿ ಕಟ್ಟು ಅನ್ನೋ ಮೊದಲು ಚಾಕ್ಲೇಟ್ ಡಬ್ಬಿ ಎಲ್ಲಿದೆ ನೋಡಿ

ಚಿತ್ರದುರ್ಗದ ಚಂದ್ರವಳ್ಳಿ ಕಡೆ ಬೆಳಿಗ್ಗೆ ಆರು ಗಂಟೆಗೆ ಹೋದರೆ ವಾಕಿಂಗ್ ಮಾಡೋರು ಸಿಗುತ್ತಾರೆ. ಅಲ್ಲಿ ಕಿವಿಗೆ ಬೀಳುವ ಮಾತು ಹೆಚ್ಚಾಗಿ ಎರಡೇ: ಸೈಟಿನ ರೇಟು, ಮೈತೂಕ. ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ತಾಯಿ ನಮ್ಮ ಜೊತೆ ಬಂಡೆ ಮೇಲೆ ಕೂತು ಹೇಳಿದರು: "ಊಟ ಬೇಕಾದ್ರೆ ಒಂದೊತ್ತು ಬಿಡ್ತೀನಿ ಕಣಪ್ಪ, ಚಾಕ್ಲೇಟ್ ಬಿಡಕ್ಕಾಗಲ್ಲ. ಮೊಮ್ಮಗನಿಗೆ ಅಂತ ತಂದಿದ್ದನ್ನ ನಾನೇ ಕದ್ದು ತಿಂತೀನಿ." ಪಕ್ಕದಲ್ಲಿ ಕೈಕಾಲು ಬೀಸುತ್ತಿದ್ದ ಹಿರಿಯರೊಬ್ಬರು ಕೇಳದೇ ಇದ್ದರೂ ಉಪದೇಶ ಕೊಟ್ಟರು: "ಬಾಯಿ ಕಟ್ಟಬೇಕಮ್ಮ. ಮನಸ್ಸು ಗಟ್ಟಿ ಇದ್ರೆ ಎಲ್ಲಾ ಆಗುತ್ತೆ."

ಆ ತಾಯಿ ತಲೆ ತಗ್ಗಿಸಿದರು. ನಮ್ಮ ಜಗಳ ಆ ಹಿರಿಯರ ಜೊತೆ ಅಲ್ಲ, ಅವರ ಬಾಯಲ್ಲಿ ಬಂದ ಆ ಮಾತಿನ ಜೊತೆ. ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ದಪ್ಪಗಾದರೆ ಅದು ಅವಳ ಬಾಯಿ ಚಪಲ. ಮಗು ಚಾಕ್ಲೇಟಿಗೆ ಹಟ ಮಾಡಿದರೆ ಅದು ತಾಯಿ ಕೊಟ್ಟ ಸದರ. ಮಾರೋನದು, ಜಾಹೀರಾತಿನದು, ಸರ್ಕಾರದ್ದು ಏನೂ ತಪ್ಪಿಲ್ಲ!

ಒಂದು ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವವರು 2015–16ರಲ್ಲಿ ನೂರಕ್ಕೆ 23 ಜನ ಇದ್ದರು. 2019–21ರ ಸಮೀಕ್ಷೆಯಲ್ಲಿ ಅದು 30 ಆಯಿತು. ಗಂಡಸರಲ್ಲೂ ಏರಿಕೆ ಹೀಗೇ ಇದೆ, ಅವರ ಹೊಟ್ಟೆ ಬಗ್ಗೆ ಯಾರೂ ಮಾತಾಡಲ್ಲ ಅಷ್ಟೇ. ನಾಲ್ಕೈದು ವರ್ಷದಲ್ಲಿ ರಾಜ್ಯದ ಇಷ್ಟೊಂದು ಜನರ ಮನಸ್ಸು ಒಟ್ಟಿಗೇ ಮೆತ್ತಗಾಯಿತಾ? ಬದಲಾಗಿದ್ದು ಮನಸ್ಸಲ್ಲ, ನಮ್ಮ ಸುತ್ತ ಇರುವ ತಿನಿಸು.

ನಿಮ್ಮೂರಿನ ಪೆಟ್ಟಿಗೆ ಅಂಗಡಿಗೆ ಹೋಗಿ ನಿಂತು ನೋಡಿ. ಅಕ್ಕಿ ಮೂಟೆ, ಬೇಳೆ ಎಲ್ಲಾ ಒಳಗೆ. ಮುಂದುಗಡೆ, ಐದು ವರ್ಷದ ಮಗುವಿನ ಕಣ್ಣಿಗೆ ಸರಿಯಾಗಿ, ಚಾಕ್ಲೇಟ್ ಡಬ್ಬಿಗಳ ಸಾಲು. ಚಿಲ್ಲರೆ ಇಲ್ಲ ಅಂದರೆ ಅಂಗಡಿಯವರು ಕೈಗಿಡೋದೂ ಚಾಕ್ಲೇಟೇ. ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಹಂಚೋದು ಚಾಕ್ಲೇಟು, ಆಗಸ್ಟ್ 15ಕ್ಕೆ ಚಾಕ್ಲೇಟು, ಮಗ್ಗಿ ಸರಿಯಾಗಿ ಹೇಳಿದರೂ ಚಾಕ್ಲೇಟು. (ನಮ್ಮ ಕಡೆ ಪೆಪ್ಪರಮೆಂಟಿಗೂ ಚಾಕ್ಲೇಟು ಅಂತಲೇ ಅನ್ನುತ್ತೇವೆ, ಅದು ಬೇರೆ ಮಾತು.) ಒಳ್ಳೇದಾದಾಗಲೆಲ್ಲ ಬಾಯಿಗೆ ಸಿಹಿ ಬಿದ್ದೇ ಬೆಳೆದ ಜೀವ, ನಲವತ್ತು ವರ್ಷಕ್ಕೆ ಬೇಜಾರಾದಾಗ ಸಿಹಿ ಹುಡುಕದೆ ಇನ್ನೇನು ಹುಡುಕಬೇಕು?

ಚಾಕ್ಲೇಟ್ ಕಂಡರೆ ನಮಗೇನು ದ್ವೇಷ ಇಲ್ಲ. ಕೋಕೋ ನಮ್ಮ ರೈತರ ಬೆಳೆಯೂ ಹೌದು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೆದ ಕೋಕೋಗೆ ಬೆಲೆ ಸಿಗಲಿ ಅಂತ ರೈತರದೇ ಸಹಕಾರ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಆದರೆ ನಮ್ಮೂರ ಡಬ್ಬಿಯಲ್ಲಿ ಇರುವುದೆಲ್ಲ ಕೋಕೋ ಅಲ್ಲ. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಸಕ್ಕರೆ. ಕೋಕೋ ಬೆಣ್ಣೆ ಬಿಟ್ಟು ಬೇರೆ ಎಣ್ಣೆ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಸೇರಿದ್ದರೆ ದೇಶದ ಆಹಾರ ನಿಯಮದ ಪ್ರಕಾರ ಅದು ಚಾಕೊಲೇಟೇ ಅಲ್ಲ. ಬಣ್ಣ, ಪರಿಮಳ ಎಲ್ಲಾ ಅದರದೇ, ಒಳಗೆ ತಾಳೆ ಎಣ್ಣೆ ಮತ್ತು ಸಕ್ಕರೆ. ಇದನ್ನು ತಿಳಿಯೋಣ ಅಂದರೆ ಪ್ಯಾಕೆಟ್ ಹಿಂದಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಅದೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದರೆ ಸಾಕು ಅಂತ ನಿಯಮವೇ ಹೇಳುತ್ತದೆ. ಕನ್ನಡ ಹಾಕೋದು ಕಂಪನಿಯ ಇಷ್ಟ. ಓದಲು ಬಾರದ ಭಾಷೆಯಲ್ಲಿ ಬರೆದು ಮಾರಿ, ಆಮೇಲೆ "ನೋಡಿ ತಿನ್ನಬೇಕಿತ್ತು" ಅನ್ನೋದು ಯಾವ ನ್ಯಾಯ?

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಕೊಬ್ಬು ಹೆಚ್ಚಿರುವ ಪ್ಯಾಕೆಟ್ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಬೇಕು. ನಮ್ಮಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಪ್ಯಾಕೆಟ್ ಮುಂದೆ ಎಚ್ಚರಿಕೆ ಹಾಕುವ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ಸಿದ್ಧಮಾಡಿ ಎಂದು ಹೇಳಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರದ ಆರ್ಥಿಕ ಸಮೀಕ್ಷೆ, ಇಂಥ ಕಾರ್ಖಾನೆ ತಿನಿಸುಗಳ ಮೇಲೆ ಆರೋಗ್ಯ ತೆರಿಗೆ ಹಾಕುವ ಯೋಚನೆ ಮಾಡಬಹುದು ಅಂದಿತ್ತು. ಆಗಿದ್ದೇನು? ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಒಂದು ಕೈಯಲ್ಲಿ ಬೊಜ್ಜಿನ ಭಾಷಣ, ಇನ್ನೊಂದು ಕೈಯಲ್ಲಿ ರಿಯಾಯಿತಿ.

ರಾಜ್ಯದ ಕತೆ ಇನ್ನೂ ಚೆನ್ನಾಗಿದೆ. ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರಲ್ಲ, 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಚಿಕ್ಕಿ ನಿಲ್ಲಿಸಿತು. ಅದರಲ್ಲಿ ಅಪರ್ಯಾಪ್ತ ಕೊಬ್ಬು ಮತ್ತು ಸಕ್ಕರೆ ಹೆಚ್ಚು ಎಂಬುದು ಕಾರಣ. ಶೇಂಗಾದಲ್ಲಿರುವ ಆ ಅಪರ್ಯಾಪ್ತ ಕೊಬ್ಬು ಒಳ್ಳೆಯ ಕೊಬ್ಬು ಅಂತ ಪಾಠದ ಪುಸ್ತಕದಲ್ಲೇ ಇರುತ್ತೆ. ಹಳಸಿದ, ಅವಧಿ ಮುಗಿದ ಚಿಕ್ಕಿ ಕೊಡಬಾರದು ಅನ್ನೋದು ಸರಿಯಾದ ಮಾತು, ಅದಕ್ಕೆ ನಮ್ಮ ತಕರಾರಿಲ್ಲ. ಸಕ್ಕರೆ ಜಾಸ್ತಿ ಅನ್ನೋದನ್ನೂ ಒಪ್ಪೋಣ. ಹಾಗಾದರೆ ಅದೇ ತಕ್ಕಡಿಯನ್ನು ಶಾಲೆ ಗೇಟಿನ ಆಚೆಗೂ ಹಿಡಿಯಬೇಕಲ್ಲವಾ? ಶಾಲೆ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ, ಸಕ್ಕರೆ, ಉಪ್ಪು, ಕೆಟ್ಟ ಕೊಬ್ಬು ಹೆಚ್ಚಿರುವ ತಿನಿಸನ್ನು ಮಕ್ಕಳಿಗೆ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಬೇಕಾದರೂ ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ 50 ಹೆಜ್ಜೆ ಎಣಿಸಿಕೊಂಡು ನಡೆಯಿರಿ. ಶೇಂಗಾ ಬೆಳೆಯುವ ಜಿಲ್ಲೆ ನಮ್ಮದು. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು. ಇಲ್ಲಿ ಶೇಂಗಾ ಮಿಠಾಯಿ ಶಾಲೆಯಿಂದ ಆಚೆ ಹೋಯಿತು, ತಾಳೆ ಎಣ್ಣೆ ಮಿಠಾಯಿ ಗೇಟಿನಲ್ಲೇ ಕೂತಿದೆ.

ಇದರ ಮೇಲೆ ಇನ್ನೊಂದು ಪೀಡೆ ಬಂದಿದೆ, ತೂಕ ಇಳಿಸುವ ಪುಡಿ. ಸಂಘದ ಮೀಟಿಂಗ್ ಮುಗಿದ ಮೇಲೆ ಒಬ್ಬರು ಫೋಟೋ ತೋರಿಸುತ್ತಾರೆ, ಮೊದಲು ಹೀಗಿದ್ದೆ, ಈಗ ಹೀಗಿದೀನಿ ಅಂತ. ಊಟದ ಬದಲು ಆ ಪುಡಿಯನ್ನು ಹಾಲಿಗೋ ನೀರಿಗೋ ಕಲಸಿ ಕುಡಿಯಬೇಕು. ಅದು ಬರುವುದು ಯಾವ ರುಚಿಯಲ್ಲಿ ಗೊತ್ತಾ? ಚಾಕ್ಲೇಟ್ ಫ್ಲೇವರು! ಚಾಕ್ಲೇಟ್ ತಿಂದು ದಪ್ಪಗಾದಿರಿ ಅಂತ ಬೈದು, ಚಾಕ್ಲೇಟ್ ರುಚಿಯನ್ನೇ ಮಾರುತ್ತಾರೆ. ನಾವು ಭೇಟಿಯಾದ ಒಬ್ಬ ಅಕ್ಕ ಗೃಹಲಕ್ಷ್ಮಿಯ 2,000 ರೂಪಾಯಿಗೆ ಕೈಯಿಂದ ಇನ್ನಷ್ಟು ಸೇರಿಸಿ ಮೂರು ತಿಂಗಳು ಅದನ್ನು ಕುಡಿದರು. ತೂಕ ಇಳಿಯಿತು. ದುಡ್ಡು ಮುಗಿದು ಮುದ್ದೆಗೆ ವಾಪಸ್ ಬಂದ ಮೇಲೆ ಮತ್ತೆ ಏರಿತು. ಆಗಲೂ ಪುಡಿ ಮಾರಿದವರು ಹೇಳಿದ್ದು ಅದೇ: ನಿಮಗೆ ಕಂಟ್ರೋಲ್ ಇಲ್ಲ.

ಹಾಗಾದರೆ ಸಂಜೆ ಐದು ಗಂಟೆಗೆ ಬಾಯಿ ಕೇಳುತ್ತದಲ್ಲ, ಏನು ಮಾಡೋದು ಅಂತ ನೀವು ಕೇಳುತ್ತೀರಿ. ಮೊದಲು ಹೆದರಿಕೆ ಬಿಡಿ. ಹಾಲಿನ ಚಾಕೊಲೇಟ್ 100 ಗ್ರಾಂಗೆ ಸುಮಾರು 530 ಕ್ಯಾಲೊರಿ. ಹದಿನೈದು ಗ್ರಾಮಿನ ಒಂದು ಸಣ್ಣ ತುಂಡೆಂದರೆ 80 ಕ್ಯಾಲೊರಿ. ಇಪ್ಪತ್ತು ನಿಮಿಷ ಚುರುಕಾಗಿ ನಡೆದರೆ ಹೆಚ್ಚುಕಮ್ಮಿ ಅಷ್ಟೇ ಖರ್ಚಾಗುತ್ತದೆ. ಒಂದು ತುಂಡು ತಿಂದಿದ್ದಕ್ಕೆ ಯಾರೂ ಕೆಡಲ್ಲ. "ಅಯ್ಯೋ ಕೆಟ್ಟೆ, ಇನ್ನೇನು ಬಿಡು" ಅಂತ ಹೇಳಿಕೊಂಡು ಉಳಿದ ಡಬ್ಬಿ ಖಾಲಿ ಮಾಡ್ತೀವಲ್ಲ, ಅಲ್ಲಿ ಕೆಡೋದು. ಪೂರ್ತಿ ಬಿಟ್ಟೇ ಬಿಡ್ತೀನಿ ಅಂತ ಆಣೆ ಹಾಕಿದವರೇ ವಾರ ಕಳೆದ ಮೇಲೆ ಮೂರು ಪ್ಯಾಕೆಟ್ ತಿನ್ನೋದನ್ನ ನಾವು ನಮ್ಮ ಮನೆಗಳಲ್ಲೇ ನೋಡಿದ್ದೇವೆ.

ಚಾಕ್ಲೇಟಿನ ಗಲಾಟೆಯಲ್ಲಿ ಟೀ ತಪ್ಪಿಸಿಕೊಳ್ಳುತ್ತದೆ, ಅದನ್ನೂ ಹಿಡಿಯಿರಿ. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಹತ್ತು ಚಮಚ, ಸುಮಾರು 50 ಗ್ರಾಂ, 200 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 25 ಗ್ರಾಂ ಸಕ್ಕರೆ ಮೀರಬೇಡಿ ಅಂದಿದೆ. ಟೀಯಲ್ಲೇ ಅದರ ಎರಡು ಪಟ್ಟು ಆಯಿತು. ಲೋಟಕ್ಕೆ ಒಂದು ಚಮಚ ಕಡಿಮೆ ಮಾಡಿದರೆ ದಿನಕ್ಕೆ ಉಳಿಯುವ 100 ಕ್ಯಾಲೊರಿ ಆ ಸಣ್ಣ ಚಾಕ್ಲೇಟಿಗಿಂತ ದೊಡ್ಡದು.

ಇನ್ನು ಆಸೆ ಯಾವಾಗ ಹತ್ತುತ್ತೆ ಅಂತ ನೋಡಿ. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಎಲ್ಲರಿಗೂ ಬಡಿಸಿ, ಹಿಂದಿನ ರಾತ್ರಿಯ ಉಳಿದದ್ದನ್ನು ತಿಂದು, ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಗಿ, ಮಧ್ಯಾಹ್ನ ಎರಡು ತುತ್ತು ಉಂಡು, ಸಂಜೆ ಐದಕ್ಕೆ ಬರೀ ಹೊಟ್ಟೆಯಲ್ಲಿರುತ್ತಾರೆ. ಅದಕ್ಕೆ ಚಪಲ ಅಂತ ಹೆಸರಿಟ್ಟಿದ್ದೇವೆ, ಅದು ಹಸಿವು. ಆ ಹೊತ್ತಿಗೆ ಬೇಯಿಸಿದ ಶೇಂಗಾ ಒಂದು ಹಿಡಿ, ಹುರುಳಿ ಅಥವಾ ಕಡಲೆಕಾಳಿನ ಉಸಲಿ, ಇಲ್ಲವೇ ಒಂದು ಲೋಟ ಮಜ್ಜಿಗೆ ಹೊಟ್ಟೆಗೆ ಬಿದ್ದರೆ ಅಂಗಡಿ ಕಡೆ ಕಾಲು ಎಳೆಯೋದು ಕಡಿಮೆಯಾಗುತ್ತದೆ. ಚಾಕ್ಲೇಟ್ ಬೇಕೇ ಬೇಕು ಅಂದರೆ ಊಟ ಆದ ಮೇಲೆ ತಿನ್ನಿ, ಹಸಿದಾಗ ಬೇಡ. ಸಣ್ಣದು ಒಂದೇ ತನ್ನಿ, ಮನೆಯಲ್ಲಿ ಪ್ಯಾಕೆಟ್ ದಾಸ್ತಾನು ಇಡಬೇಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ, ನಿದ್ದೆಗೆಟ್ಟ ಮಾರನೇ ದಿನ ಆಸೆ ಜಾಸ್ತಿಯಾಗುವುದು ಹಲವರ ಅನುಭವ. ಅಂಥ ದಿನ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಬೆಲ್ಲದ್ದಾದರೆ ತೂಕ ಏರಲ್ಲ ಅಂತ ವಾಟ್ಸಾಪಿನಲ್ಲಿ ಬರುತ್ತೆ, ನಂಬಬೇಡಿ. ತೂಕದ ಲೆಕ್ಕಕ್ಕೆ ಬೆಲ್ಲವೂ ಸಕ್ಕರೆಯೇ. ಚಿಕ್ಕಿಗೆ ನಾವು ವಕೀಲಿಕೆ ಮಾಡಿದೆವು, ಆದರೆ ಅದೂ ಚಾಕ್ಲೇಟಿಗಿಂತ ಬಹಳ ಹಗುರವೇನಲ್ಲ. ಶೇಂಗಾದಲ್ಲಿ ಸುಮಾರು ಕಾಲುಭಾಗ ಪ್ರೋಟೀನು, ಅಗಿಯೋಕೆ ಹೊತ್ತು ಹಿಡಿಯುತ್ತೆ, ಒಂದು ತುಂಡಿಗೆ ಸಮಾಧಾನ ಆಗುತ್ತೆ. ಇಷ್ಟೇ ಅದರ ಹೆಚ್ಚುಗಾರಿಕೆ. ಸಕ್ಕರೆ ಕಾಯಿಲೆ ಇರುವವರು, ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ನಮ್ಮ ಈ ಲೆಕ್ಕ ನಂಬಿಕೊಂಡು ಕೂರದೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮೂವತ್ತು ದಾಟಿದ ಎಲ್ಲರಿಗೂ ಅಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತ.

ಮನೆಯಲ್ಲಿ ಇಷ್ಟು ಮಾಡಬಹುದು. ಗೇಟಿನ ಮುಂದಿನ ಡಬ್ಬಿಯನ್ನು ಮಾತ್ರ ಒಬ್ಬರೇ ಸರಿಸೋಕಾಗಲ್ಲ. ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯಿರಿ ಅಂತ ನಾವು ಹೇಳುತ್ತಿಲ್ಲ, ಅವರೂ ನಮ್ಮವರೇ. ಅದೇ ಜಾಗದಲ್ಲಿ ಬಾಳೆಹಣ್ಣು, ಸೀಬೆ, ಹುರಿದ ಶೇಂಗಾ, ಮಂಡಕ್ಕಿ ಮಾರಬಹುದು. ಮುಂದಿನ ಗ್ರಾಮಸಭೆಗೆ ಈ ಅರ್ಜಿಯನ್ನು ನಿಮ್ಮ ಕೈಬರಹದಲ್ಲೇ ಬರೆದುಕೊಂಡು ಹೋಗಿ:

"ಮಾನ್ಯ ಅಧ್ಯಕ್ಷರಿಗೆ. ನಮ್ಮೂರ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿನಿಸು ಮಕ್ಕಳಿಗೆ ಮಾರುವುದನ್ನು 2020ರ ಆಹಾರ ಸುರಕ್ಷತಾ ನಿಯಮದಂತೆ ನಿಲ್ಲಿಸಲು ಕ್ರಮ ಕೈಗೊಳ್ಳಬೇಕು. ಅಲ್ಲಿನ ಅಂಗಡಿಯವರಿಗೆ ಹಣ್ಣು, ಶೇಂಗಾ ಮಾರಲು ಪಂಚಾಯ್ತಿಯಿಂದ ನೆರವು ಕೊಡಬೇಕು. ಶಾಲೆಯ ಕಾರ್ಯಕ್ರಮಗಳಲ್ಲಿ ಚಾಕ್ಲೇಟ್ ಹಂಚದಂತೆ ಎಸ್‌ಡಿಎಂಸಿ ತೀರ್ಮಾನ ಮಾಡಬೇಕು. ಈ ಅರ್ಜಿಯನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು."

ಕೆಳಗೆ ಹತ್ತು ಜನರ ಸಹಿ ಹಾಕಿಸಿ. ಪಿಡಿಒ ಕೈಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಆಫೀಸಿನಿಂದ ಎದ್ದು ಬರಬೇಡಿ.