ಒಂದೇ ಒರೆಯಲ್ಲಿ ಎರಡು ಕತ್ತಿ

2025ರ ಜನವರಿಯಲ್ಲಿ ಪೇಸ್‌ಮೇಕರ್ 3.0 ಬಿಡುಗಡೆಯಾಯಿತು. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್ ಅಲ್ಲ. ಒಂದು ಸರ್ವರ್ ಕೈಕೊಟ್ಟಾಗ ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವ ಮುಕ್ತ ತಂತ್ರಾಂಶ. 2018ರ 2.0 ಆದ ಮೇಲೆ ಬಂದ ದೊಡ್ಡ ಆವೃತ್ತಿ ಇದು. 1.x ಕಾಲದ ಕ್ಲಸ್ಟರ್‌ಗಳನ್ನು ನಿಲ್ಲಿಸದೆ ನೇರವಾಗಿ ಮೇಲೇರಿಸುವ ದಾರಿಯನ್ನು ಇದು ಮುಚ್ಚಿದೆ. ಹಾಗಾಗಿ ಹಳೆಯದಕ್ಕೇ ಜೋತುಬಿದ್ದವರಿಗೆ ಈಗ ತಲೆನೋವು.

ಆ ತಲೆನೋವು ಒಂದು ವಾರಾಂತ್ಯದ ಕೆಲಸ. ನಿಜವಾದ ರೋಗ ಬೇರೆ ಕಡೆ ಇದೆ. ಕ್ಲಸ್ಟರ್ ಹುಟ್ಟಿದ ದಿನವೇ ಯಾರೋ ಹೊಡೆದ ಒಂದು ಸಾಲಿನಲ್ಲಿದೆ: ಸ್ಟೋನಿತ್-ಎನೇಬಲ್ಡ್, ಫಾಲ್ಸ್.

ಸ್ಟೋನಿತ್ ಎಂದರೆ ‘ಇನ್ನೊಂದು ನೋಡ್‌ನ ತಲೆಗೆ ಗುಂಡು ಹೊಡೆ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳ ಜೋಡಣೆ. ಹೆಸರು ಒರಟು, ತರ್ಕ ಅಚ್ಚುಕಟ್ಟು. ಎರಡು ಸರ್ವರ್‌ಗಳು ಕೊರೊಸಿಂಕ್ ಮೂಲಕ ‘ಇದ್ದೀಯಾ?’ ಎಂದು ಒಂದನ್ನೊಂದು ಕೇಳುತ್ತಲೇ ಇರುತ್ತವೆ. ಉತ್ತರ ಬರಲಿಲ್ಲ ಎಂದರೆ ಅರ್ಥ ಎರಡು: ಅತ್ತಲಿನದು ಸತ್ತಿದೆ, ಇಲ್ಲವೇ ನಡುವಿನ ತಂತಿ ಕಡಿದಿದೆ. ಇತ್ತ ಕೂತ ಯಂತ್ರಕ್ಕೆ ಎರಡೂ ಒಂದೇ ಮೌನ. ಆದ್ದರಿಂದ ಕೆಲಸ ಕೈಗೆತ್ತಿಕೊಳ್ಳುವ ಮೊದಲು ಅತ್ತಲಿನದರ ಕರೆಂಟನ್ನೇ ತೆಗೆಸಿ ಖಚಿತ ಮಾಡಿಕೊಳ್ಳಬೇಕು.

ಹಾಗೆ ಮಾಡದಿದ್ದರೆ? ತಂತಿ ಮಾತ್ರ ಕಡಿದಿತ್ತು ಎನ್ನೋಣ. ಎರಡೂ ಸರ್ವರ್‌ಗಳು ತಾನೇ ಯಜಮಾನ ಎಂದುಕೊಳ್ಳುತ್ತವೆ. ಇಲ್ಲಿ 5001ನೇ ನಂಬರಿನ ಬಿಲ್ಲು ಒಬ್ಬ ಗ್ರಾಹಕನಿಗೆ, ಅಲ್ಲಿ ಅದೇ ನಂಬರು ಇನ್ನೊಬ್ಬನಿಗೆ. ಡಿಸ್ಕ್ ಹಂಚಿಕೊಂಡಿದ್ದರೆ ಒಂದೇ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯ ಮೇಲೆ ಇಬ್ಬರ ಬರಹ; ಆಮೇಲೆ ಅದನ್ನು ದುರಸ್ತಿ ಮಾಡುವುದಲ್ಲ, ಬ್ಯಾಕಪ್ ಹುಡುಕುವುದು. ಒಂಟಿ ಸರ್ವರ್ ಕೆಟ್ಟಿದ್ದರೆ ಸೇವೆ ಒಂದೆರಡು ಗಂಟೆ ನಿಲ್ಲುತ್ತಿತ್ತು, ಲೆಕ್ಕ ಸರಿಯಾಗಿಯೇ ಉಳಿಯುತ್ತಿತ್ತು. ಎರಡನೇ ಯಂತ್ರಕ್ಕೆ ದುಡ್ಡು ಸುರಿದು ಕೊಂಡಿದ್ದು ಲೆಕ್ಕ ಕೆಡುವ ಸಾಧ್ಯತೆಯನ್ನು.

ತಂತ್ರಾಂಶ ಇದನ್ನು ಮುಚ್ಚಿಟ್ಟಿಲ್ಲ. ಸ್ಟೋನಿತ್ ತಾನಾಗಿಯೇ ಚಾಲೂ ಇರುತ್ತದೆ. ಫೆನ್ಸಿಂಗ್ ಸಾಧನ ಹೊಂದಿಸದಿದ್ದರೆ ಪೇಸ್‌ಮೇಕರ್ ಯಾವ ಸೇವೆಯನ್ನೂ ಶುರು ಮಾಡದೆ ಕೂತು, ಹಂಚಿಕೊಂಡ ದತ್ತಾಂಶಕ್ಕೆ ಇದು ಬೇಕೇ ಬೇಕು ಎಂದು ಲಾಗ್‌ನಲ್ಲಿ ಬರೆಯುತ್ತದೆ. ಓದಿದವನು ಏನು ಮಾಡುತ್ತಾನೆ? ಅದೇ ಲಾಗ್‌ನಲ್ಲಿ, ಬೇಡವಾದರೆ ಆರಿಸಿ ಎಂಬ ಅರ್ಧವನ್ನಷ್ಟೇ ಹಿಡಿದುಕೊಳ್ಳುತ್ತಾನೆ. ಕಲಿಯುವವರಿಗೆಂದು ಬರೆದ ಎಷ್ಟೋ ಪಾಠಗಳಲ್ಲೂ ಅದೇ ಸಾಲು, ‘ಸದ್ಯಕ್ಕೆ’ ಎಂಬ ಮಾತಿನೊಂದಿಗೆ. ಆ ಸದ್ಯ ಮುಗಿಯುವುದೇ ಇಲ್ಲ.

ಫೆನ್ಸಿಂಗ್ ದುಬಾರಿ ಎಂಬ ನೆಪ ನಿಲ್ಲುವುದಿಲ್ಲ. ಸಾಧಾರಣ ಸರ್ವರ್‌ಗಳಲ್ಲೂ ದೂರದಿಂದಲೇ ಆರಿಸುವ ಐಪಿಎಂಐ ಇರುತ್ತದೆ. ಕ್ಲೌಡ್‌ಗಳಿಗೆ ಸಿದ್ಧ ಏಜೆಂಟ್‌ಗಳಿವೆ. ಹಂಚಿಕೊಂಡ ಡಿಸ್ಕ್ ಇದ್ದರೆ ವಾಚ್‌ಡಾಗ್ ಜೊತೆ ಎಸ್‌ಬಿಡಿ ಸಾಕು. ಮೂರನೇ ಮತಕ್ಕೆ ಒಂದು ಸಣ್ಣ ಯಂತ್ರದಲ್ಲಿ ಕ್ಯೂಡಿವೈಸ್ ಕೂರಿಸಬಹುದು.

ಗುಂಡು ತಪ್ಪಾಗಿಯೂ ಹಾರುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. 2012ರ ಡಿಸೆಂಬರ್‌ನಲ್ಲಿ ಗಿಟ್‌ಹಬ್‌ನಲ್ಲಿ ಆದದ್ದು ಅದೇ. ಸ್ವಿಚ್‌ಗಳ ತಂತ್ರಾಂಶ ಬದಲಿಸುವಾಗ ಸಂಪರ್ಕ ತುಸು ಹೊತ್ತು ತಪ್ಪಿತು. ಪೇಸ್‌ಮೇಕರ್, ಹಾರ್ಟ್‌ಬೀಟ್, ಡಿಆರ್‌ಬಿಡಿ ನೆಚ್ಚಿಕೊಂಡಿದ್ದ ಫೈಲ್ ಸರ್ವರ್ ಜೋಡಿಗಳಲ್ಲಿ ಕೆಲವು ಒಂದನ್ನೊಂದು ಹೊಡೆದು ಎರಡೂ ಮಲಗಿದವು. ತಾಣವನ್ನು ಮುಚ್ಚಿ, ಒಂದೊಂದೇ ಜೋಡಿಯನ್ನು ಪರೀಕ್ಷಿಸಿ ಎಬ್ಬಿಸಬೇಕಾಯಿತು. ಇದರ ಪಾಠ ಬಂದೂಕು ಬಿಸಾಡಿ ಎಂದಲ್ಲ. ಒಂದು ನೋಡ್‌ಗೆ ಬೀಳುವ ಏಟನ್ನು ಕೆಲವು ಸೆಕೆಂಡು ತಡವಾಗಿಸಿದರೆ ಇಬ್ಬರೂ ಒಟ್ಟಿಗೆ ಸಾಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. ಐಪಿಎಂಐಗೂ ಸರ್ವರಿಗೂ ಒಂದೇ ಕರೆಂಟು ಎಂಬ ದೌರ್ಬಲ್ಯವೂ ನಿಜ; ಅದಕ್ಕೆ ಪರಿಹಾರ ಎರಡನೇ ಹಂತದ ಫೆನ್ಸಿಂಗ್, ಪಿಡಿಯು ಕಡೆಯಿಂದ.

ಇಷ್ಟಾಗಿಯೂ ಆ ಸಾಲು ಉಳಿಯುವುದು ತಿಳಿಯದೆ ಅಲ್ಲ. ಫೆನ್ಸಿಂಗ್ ಪರೀಕ್ಷಿಸಬೇಕಾದರೆ ಚಾಲೂ ಇರುವ ಸರ್ವರನ್ನು ಬೇಕೆಂದೇ ಬೀಳಿಸಬೇಕು, ಅದಕ್ಕೆ ಅನುಮತಿ ಕೇಳಬೇಕು; ಯಾವ ಮ್ಯಾನೇಜರೂ ಸಹಿ ಹಾಕಲಾರ. ಎರಡು ಹಸಿರು ದೀಪಗಳ ಚಿತ್ರವನ್ನು ಗ್ರಾಹಕನಿಗೆ ತೋರಿಸಿ ‘ಹೈ ಅವೈಲಬಿಲಿಟಿ’ ಎಂಬ ಸಾಲಿನ ಮುಂದೆ ಟಿಕ್ ಹಾಕುವುದು ಸುಲಭ. ಪುಣೆಯಲ್ಲೋ ಹೈದರಾಬಾದಿನಲ್ಲೋ ರಾತ್ರಿ ಪಾಳಿಯಲ್ಲಿರುವ ಹುಡುಗಿಗೆ ಫೋನ್ ಬರುವುದು ಆಮೇಲೆ, ನಡುರಾತ್ರಿ ಮೂರಕ್ಕೆ. ಎರಡು ದತ್ತಾಂಶಗಳಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ಅಳಿಸುವುದು ಎಂದು ಅವಳೇ ತೀರ್ಮಾನಿಸಬೇಕು. ಸಾಲು ಹೊಡೆದವನು ಅಷ್ಟರಲ್ಲಿ ಬೇರೆ ಕಂಪನಿಯಲ್ಲಿರುತ್ತಾನೆ.

3.0ಕ್ಕೆ ಏರುವವರು ಹೇಗೂ ಹಳೆಯ ಸಂರಚನೆಯನ್ನು ತೆರೆದು ನೋಡಬೇಕು. ಆ ಸಾಲು ಅಲ್ಲೇ ಇರುತ್ತದೆ.