ಕೊನೆಯ ಸ್ಥಾನದವರ ಕೊನೆಯ ಆಟ

2011ರ ಸೆಪ್ಟೆಂಬರಿನಲ್ಲಿ ಕೆಲವು ವಾರ ನಾವು ಅಮೆರಿಕೆಯ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಸಮೀಪ ಭಕ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ರಾಣೇಬೆನ್ನೂರು ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ ಸದ್ಗೃಹಸ್ಥರು. ಬೆಳಗಿನ ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಸಂಜೆಯಾಗುತ್ತಲೇ ಅವರ ಮುಖದಲ್ಲಿ ಮಂಕು ಕವಿಯುವುದನ್ನು ನಾವು ಗಮನಿಸಿದೆವು. ಊರಿನಿಂದ ಏನಾದರೂ ಅಶುಭ ವಾರ್ತೆ ಬಂದಿರಬಹುದೇ ಎಂದು ಅವರ ಧರ್ಮಪತ್ನಿಯವರನ್ನು ವಿಚಾರಿಸಿದಾಗ ಆ ತಾಯಿ ನಕ್ಕುಬಿಟ್ಟರು. "ಏನಿಲ್ರಿ ಶಾಸ್ತ್ರಿಗಳ್ರ, ಇವರ ಚೆಂಡಾಟದ ಮಂದಿ ಸೋಲಾಕ ಹತ್ಯಾರ."

ಬೇಸ್‌ಬಾಲ್ ಎಂಬುದು ಆ ನಾಡಿನ ಆಟ. ನಮ್ಮ ಕ್ರಿಕೆಟಿನಂತೆ ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದಾಂಡಿನಿಂದ ಹೊಡೆಯುತ್ತಾನೆ. ಪ್ರತಿಯೊಂದು ತಂಡವೂ ವರ್ಷಕ್ಕೆ 162 ಪಂದ್ಯಗಳನ್ನು ಆಡಬೇಕು. ವಸಂತದಲ್ಲಿ ಆರಂಭವಾಗಿ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟವುಂಟು. ಬಾಲ್ಟಿಮೋರಿನ ತಂಡಕ್ಕೆ ಓರಿಯೋಲ್ಸ್ ಎಂದು ಹೆಸರು. ಅದು ಆ ರಾಜ್ಯದ ಕಿತ್ತಳೆ-ಕಪ್ಪು ಬಣ್ಣದ ಹಕ್ಕಿ. ಈ ತಂಡ ಕೊನೆಯ ಬಾರಿ ಚಾಂಪಿಯನ್ ಆದದ್ದು 1983ರಲ್ಲಿ. 1998ರಿಂದ ಮೊದಲ್ಗೊಂಡು ಪ್ರತಿವರ್ಷವೂ ಗೆಲುವಿಗಿಂತ ಸೋಲುಗಳೇ ಹೆಚ್ಚು. ನಾವು ಹೋದದ್ದು ಹದಿನಾಲ್ಕನೆಯ ವರ್ಷ. ಆ ಋತುವಿನ ಮೊದಲ ನಾಲ್ಕು ಪಂದ್ಯಗಳನ್ನು ಸಾಲಾಗಿ ಗೆದ್ದು ಪಾಪ, ಅಭಿಮಾನಿಗಳಿಗೆ ಆಸೆ ಹುಟ್ಟಿಸಿದ್ದರಂತೆ.

ಅಲ್ಲಿಯ ಪತ್ರಿಕೆಗಳಲ್ಲಿ ದಿನವೂ ಒಂದು ಪಟ್ಟಿ ಬರುತ್ತದೆ. ಮುಂದಿರುವ ತಂಡ 90 ಪಂದ್ಯ ಗೆದ್ದಿದೆ, ನಮ್ಮದು 60. ನಮಗೆ ಉಳಿದಿರುವುದು 29 ಎಂದುಕೊಳ್ಳೋಣ. ಉಳಿದುದೆಲ್ಲವನ್ನೂ ಗೆದ್ದರೂ 89 ಆಯಿತು. ಅಲ್ಲಿಗೆ ನಮ್ಮ ತಂಡ ಲೆಕ್ಕದಿಂದ ಹೊರಬಿದ್ದಂತೆ. ಆದರೂ ಆ 29 ಪಂದ್ಯಗಳನ್ನು ಆಡಲೇಬೇಕು, ಟಿಕೆಟು ಮಾರಬೇಕು, ಮೈದಾನದ ಹುಲ್ಲು ಕತ್ತರಿಸಬೇಕು. ಲೆಕ್ಕದಿಂದ ಹೊರಬಿದ್ದ ಮೇಲೂ ನಮ್ಮ ಆತಿಥೇಯರು ಪೆನ್ಸಿಲು ಹಿಡಿದು ದೂರದರ್ಶನದ ಮುಂದೆ ಕುಳಿತು ಪ್ರತಿಯೊಂದು ಎಸೆತದ ಫಲವನ್ನು ಹಾಳೆಯೊಂದರಲ್ಲಿ ಗುರುತಿಸುತ್ತಿದ್ದರು. ಆಟಗಾರರ ನಿಲುವುಗಳಿಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳುಂಟು. ಮೂರು ಬಾರಿ ಬೀಸಿ ತಪ್ಪಿದವನಿಗೆ ಇಂಗ್ಲಿಷಿನ 'ಕೆ' ಅಕ್ಷರ. ಮೂರನೆಯ ಎಸೆತಕ್ಕೆ ದಾಂಡನ್ನೇ ಎತ್ತದೆ ನೋಡುತ್ತ ನಿಂತವನಿಗೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುವುದು. ಸೋಲಿನಲ್ಲಿಯೂ ಇಷ್ಟು ಸೂಕ್ಷ್ಮ ಭೇದವೇ ಎಂದು ನಮಗೆ ಸೋಜಿಗವಾಯಿತು.

ಮುಚ್ಚುಮರೆಯೇಕೆ? ನಮಗೆ ಮೊದಲು ಬೇಸರವೇ ಆಯಿತು. ಸಂಬಳಕ್ಕೆ ಆಡುವ ಯಾರೋ ಸೋತರೆ ಮನೆಯ ಯಜಮಾನನು ಊಟ ಸೇರದೆ ಕೂಡುವುದೆಂದರೇನು? ಒಂದು ರಾತ್ರಿ ಪ್ರಸಾದವಾದ ಮೇಲೆ ನೇರವಾಗಿಯೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಜೂನ್ ತಿಂಗಳಿನಾಗ ಭಾಳ ಸಂಕಟ ಆಗ್ತದ್ರಿ. ಆಗ ನಾ ಆಟ ನೋಡೂದೇ ಇಲ್ಲ, ಪಟ್ಟಿ ನೋಡ್ತೀನಿ. ಎಷ್ಟು ಹಿಂದ ಅದೀವಿ, ಮುಂದಿನವ್ರು ಇವತ್ತ ಸೋತ್ರೇನು, ಬರೇ ಇದ. ಆಸೆ ಪೂರಾ ಹೋದಮ್ಯಾಲ ಆಟ ಕಾಣಸ್ತದ. ಹೊಸಾ ಹುಡುಗ್ರನ್ನ ಆಡಸ್ತಾರ, ಒಬ್ಬಾಂವ ಚಂದಂಗೆ ಚೆಂಡ ಹಿಡೀತಾನ. ಅದಕ್ಕ ಕುಂದರ್ತೀನ್ರಿ. ಬ್ಯಾಸರ ಅಂತೂ ಇರ್ತದ, ಅದು ಹೋಗೂದಿಲ್ಲ."

ಈ ಮಾತು ನಮಗೆ ನಾಟಿದುದಕ್ಕೆ ಕಾರಣವುಂಟು. ಅದೇ ವರ್ಷದ ಶ್ರಾವಣದಲ್ಲಿ ಒಂದು ಊರಿನಲ್ಲಿ ತಿಂಗಳ ಪುರಾಣಕ್ಕೆ ನಮ್ಮನ್ನು ಕರೆದಿದ್ದರು. ಮೊದಲ ದಿನ ಕಟ್ಟೆಯ ಮೇಲೆ ಕಾಲಿಡಲು ಎಡೆಯಿರಲಿಲ್ಲ. ಮೂರನೆಯ ವಾರಕ್ಕೆ ಹನ್ನೊಂದು ಮಂದಿ ಉಳಿದರು. ಅವರಲ್ಲಿ ಮೂವರು ನಿದ್ರೆಯಲ್ಲಿದ್ದರು. ನಾವು ಹೇಳುವಾಗ ಪ್ರಸಂಗದ ಮೇಲೆ ನಮ್ಮ ಗಮನವಿರದೆ ಬಾಗಿಲ ಕಡೆ ಇರುತ್ತಿತ್ತು. ಇನ್ನು ಮುಂದೆ ಪುರಾಣವನ್ನು ಒಪ್ಪಿಕೊಳ್ಳಬಾರದೆಂದು ನಿಶ್ಚಯಿಸಿಯೇ ವಿಮಾನವೇರಿದ್ದೆವು. ಇದನ್ನು ಆತಿಥೇಯರಿಗೆ ಹೇಳಲಿಲ್ಲ, ಹೇಳಲು ನಾಚಿಕೆಯಾಯಿತು.

ಸೆಪ್ಟೆಂಬರ್ 28 ಕೊನೆಯ ಪಂದ್ಯ. ಅಂದೇ ನವರಾತ್ರಿಯ ಮೊದಲ ದಿನ. ಸಂಜೆಯ ಪೂಜೆ ಮುಗಿಸಿ, ಆ ತಾಯಿ ಕಟ್ಟಿಕೊಟ್ಟ ರೊಟ್ಟಿ-ಶೇಂಗಾ ಚಟ್ನಿಯ ಗಂಟಿನೊಡನೆ ಕ್ಯಾಮ್ಡೆನ್ ಯಾರ್ಡ್ಸ್ ಎಂಬ ಮೈದಾನಕ್ಕೆ ಹೋದೆವು. 1992ರಲ್ಲಿ ಕಟ್ಟಿದ ಮೈದಾನ. ಒಂದು ಬದಿಗೆ ರೈಲ್ವೆಯವರ ಹಳೆಯ ಇಟ್ಟಿಗೆಯ ಉಗ್ರಾಣ, ಉದ್ದ ಸಾವಿರ ಅಡಿಗೂ ಹೆಚ್ಚು. ಅದನ್ನು ಕೆಡವದೆ ಉಳಿಸಿಕೊಂಡಿದ್ದು ನಮಗೆ ಮೆಚ್ಚಿಗೆಯಾಯಿತು. ದಾರಿಯಲ್ಲಿ ಅವರು ಕ್ಯಾಲ್ ರಿಪ್ಕನ್ ಎಂಬ ಆಟಗಾರನ ಕಥೆ ಹೇಳಿದರು. ಆತ 1982ರ ಮೇ 30ರಿಂದ 1998ರ ಸೆಪ್ಟೆಂಬರ್ 19ರವರೆಗೆ ಒಂದನ್ನೂ ಬಿಡದೆ 2,632 ಪಂದ್ಯ ಆಡಿದನು. 1988ರಲ್ಲಿ ತಂಡ ಋತುವಿನ ಮೊದಲ 21 ಪಂದ್ಯಗಳನ್ನು ಸಾಲಾಗಿ ಸೋತಾಗಲೂ ಆತ ದಿನವೂ ಮೈದಾನದಲ್ಲಿದ್ದನು. ಆ ವರ್ಷ ಒಂದು ಗೆದ್ದು 23 ಸೋತು ತಂಡ ಊರಿಗೆ ಮರಳಿದ ರಾತ್ರಿ 50,000ಕ್ಕೂ ಹೆಚ್ಚು ಜನ ನೋಡಲು ಬಂದರಂತೆ. ಗೆದ್ದುಬಂದವರನ್ನು ಎದುರುಗೊಳ್ಳುವುದು ಎಲ್ಲ ಊರುಗಳಲ್ಲಿಯೂ ಉಂಟು, ಇದು ಬೇರೆ.

ಅಂದಿನ ಎದುರಾಳಿ ಬಾಸ್ಟನ್. ಸೆಪ್ಟೆಂಬರಿನ ಆರಂಭದಲ್ಲಿ ಅವರು ಟ್ಯಾಂಪಾ ತಂಡಕ್ಕಿಂತ ಒಂಬತ್ತು ಪಂದ್ಯಗಳಷ್ಟು ಮುಂದಿದ್ದವರು, ಸೋಲುತ್ತ ಬಂದು ಆ ದಿನ ಇಬ್ಬರೂ ಸಮನಾಗಿದ್ದರು. ಬಾಸ್ಟನ್ನಿಗೆ ಅದು ಜೀವನ್ಮರಣದ ಆಟ; ಬಾಲ್ಟಿಮೋರಿಗೆ ಅದರಿಂದ ಏನೂ ಬರುವುದಿರಲಿಲ್ಲ, ಗೆದ್ದರೂ ಕೊನೆಯ ಸ್ಥಾನವೇ. ಏಳನೆಯ ಸರದಿಯಲ್ಲಿ ಮಳೆ ಬಂದು ಒಂದು ಗಂಟೆಗೂ ಮೀರಿ ಆಟ ನಿಂತಿತು. ಮಾಡಿನ ಕೆಳಗೆ ರೊಟ್ಟಿ ತಿಂದೆವು. "ಮನೀಗೆ ಹೋಗೂಣೇನ್ರಿ?" ಎಂದು ಅವರು ಕೇಳಿದರು. ಏಕೋ, ಇರೋಣವೆಂದೆವು.

ಕೊನೆಯ ಸರದಿಗೆ ಬಾಸ್ಟನ್ 3-2ರಿಂದ ಮುಂದಿತ್ತು. ಅವರ ಪ್ರಸಿದ್ಧ ಎಸೆತಗಾರ ಪ್ಯಾಪಲ್‌ಬಾನ್ ಮೊದಲಿಬ್ಬರನ್ನು ಸುಲಭವಾಗಿ ಹೊರಗಟ್ಟಿದನು. ಇನ್ನೊಬ್ಬ ಔಟಾದರೆ ಮುಗಿಯಿತು. ಡೇವಿಸ್ ಎಂಬವನು ಹೊಡೆದು ಎರಡನೆಯ ನೆಲೆಗೆ ಓಡಿದನು. ರೈಮೋಲ್ಡ್ ಹೊಡೆದು ಸಮ ಮಾಡಿದನು. ಆಂಡಿನೋ ಎಡಕ್ಕೆ ಹೊಡೆದ ಚೆಂಡು ಓಡಿಬಂದು ಜಾರಿದವನ ಕೈಗವಸಿಗೆ ನಿಲ್ಲದೆ ನೆಲಕ್ಕೆ ಬಿತ್ತು. 4-3. ಮಧ್ಯರಾತ್ರಿ ದಾಟಿತ್ತು. ಕೆಲವೇ ನಿಮಿಷಗಳಲ್ಲಿ, ಏಳು ಸೊನ್ನೆಯಿಂದ ಹಿಂದೆ ಬಿದ್ದಿದ್ದ ಟ್ಯಾಂಪಾ ತನ್ನ ಊರಿನಲ್ಲಿ ಗೆದ್ದ ಸುದ್ದಿ ಬಂತು. ಬಾಸ್ಟನ್ನಿನ ಋತು ಅಲ್ಲಿಗೆ ಮುಗಿಯಿತು. 69 ಗೆದ್ದು 93 ಸೋತ ಬಾಲ್ಟಿಮೋರಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಮ್ಮ ಆತಿಥೇಯರೂ ಎದ್ದು ಕೂಗಿದರು. ಮುಂದಿನ ಸಾಲಿನಲ್ಲಿ ಬಾಸ್ಟನ್ ಟೋಪಿ ಹಾಕಿಕೊಂಡಿದ್ದ ಹುಡುಗನೊಬ್ಬ ತಂದೆಯ ತೋಳಿನಲ್ಲಿ ಮುಖವಿಟ್ಟು ಅಳುವುದನ್ನು ಕಂಡು ಮೆಲ್ಲಗೆ ಕುಳಿತುಬಿಟ್ಟರು.

ಇದನ್ನು ಕಾಯಕವೆಂದು ಕರೆಯಲು ನಮಗೆ ಮನಸ್ಸೊಪ್ಪದು. ಶರಣರ ಕಾಯಕದ ಹಿಂದೆ ದಾಸೋಹವಿದೆ. ಈ ಆಟಗಾರರ ಹಿಂದೆ ಕೋಟಿಗಳ ಕರಾರಿದೆ. ನಮ್ಮ ಕೆಲವು ಭಾಷಣಕಾರರಂತೆ ಕಂಡುದಕ್ಕೆಲ್ಲ ಆ ಪದವನ್ನು ಅಂಟಿಸುವುದು ಸರಿಯಲ್ಲ. ಆದರೆ ಹಾಳೆ ಹಿಡಿದು ಕುಳಿತ ಆ ಗೃಹಸ್ಥರನ್ನು ಯಾವ ಕರಾರೂ ಹಿಡಿದಿರಲಿಲ್ಲ.

2012ರ ಶ್ರಾವಣದಲ್ಲಿ ಅದೇ ಊರಿನವರು ಮತ್ತೆ ಕರೆದರು, ಒಪ್ಪಿಕೊಂಡೆವು. ಮೂರನೆಯ ವಾರಕ್ಕೆ ಒಂಬತ್ತು ಮಂದಿ ಬಂದರು. ಬಾಗಿಲಿಗೆ ಬೆನ್ನಾಗುವಂತೆ ಪೀಠವನ್ನು ತಿರುಗಿಸಿ ಹಾಕಿಸಿಕೊಂಡೆವು. ಆ ವರ್ಷ ಓರಿಯೋಲ್ಸ್ ಅಂಕಿಗಳನ್ನೇ ತಿರುಗುಮುರುಗು ಮಾಡಿ 93 ಗೆದ್ದು 69 ಸೋತರು. 2018ರಲ್ಲಿ 115 ಸೋತರು, 2023ರಲ್ಲಿ 101 ಗೆದ್ದರು. 2025ರಲ್ಲಿ 75 ಗೆದ್ದು 87 ಸೋತು ಮತ್ತೆ ತಮ್ಮ ಗುಂಪಿನ ಕೊನೆಗೆ ಬಂದರು. ಆ ಸೆಪ್ಟೆಂಬರಿನಲ್ಲಿ ನಮ್ಮ ಹಳೆಯ ಆತಿಥೇಯರು ದೂರವಾಣಿ ಮಾಡಿದಾಗ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆವು. ಅವರು ನಮ್ಮನ್ನು ತಡೆದು, ಈ ವರ್ಷದ ಪುರಾಣಕ್ಕೆ ಎಷ್ಟು ಮಂದಿ ಬಂದಿದ್ದರೆಂದು ಕೇಳಿದರು. ಹದಿನಾಲ್ಕು ಎಂದೆವು.

"ಛಲೋ ಆತಲ್ರಿ," ಎಂದರು.